ಸೀಲಿಯಾಕ್ ಇದ್ದವರಿಗೆ ಹಾಲೂ ಒಗ್ಗದಿದ್ದರೆ: ಬೆಂಗಳೂರಿನ ಅಡುಗೆಮನೆಗೆ ಒಂದು ಸಮಗ್ರ ಮಾರ್ಗದರ್ಶಿ

ಗೋಧಿ ಬಿಟ್ಟಾಯಿತು. ಚಪಾತಿ, ಉಪ್ಪಿಟ್ಟು, ಬ್ರೆಡ್ಡು, ಬಿಸ್ಕತ್ತು ಎಲ್ಲಾ ಬಂದ್. ಆದರೂ ಬೆಳಗ್ಗೆ ಕಾಫಿ ಕುಡಿದ ಮುಕ್ಕಾಲು ಗಂಟೆಗೆ ಹೊಟ್ಟೆಯಲ್ಲಿ ಗುಡುಗುಡು, ಗ್ಯಾಸು, ಕೆಲವು ದಿನ ಭೇದಿ. ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ಇದೆ ಎಂದು ಗೊತ್ತಾದ ಮೊದಲ ತಿಂಗಳುಗಳಲ್ಲಿ ತುಂಬಾ ಜನಕ್ಕೆ ಹೀಗಾಗುತ್ತದೆ. ಆಗ ಯಾರಾದರೂ ‘ಹಾಲೂ ಬಿಟ್ಟು ನೋಡಿ’ ಅನ್ನುತ್ತಾರೆ. ಬಿಟ್ಟರೆ ಸ್ವಲ್ಪ ಹಗುರ ಅನ್ನಿಸುತ್ತದೆ. ಅಲ್ಲಿಗೆ ಹಾಲು, ಮೊಸರು, ಪನೀರು, ತುಪ್ಪ ಎಲ್ಲವೂ ವರ್ಷಗಟ್ಟಲೆ ಮನೆಯಿಂದ ಆಚೆ.

ಇದು ಅವಸರದ ತೀರ್ಮಾನ ಅಂತ ನನ್ನ ಅನಿಸಿಕೆ. ಹಾಲು ಒಗ್ಗದಿರುವುದು ಬಹಳ ಸಲ ತಾತ್ಕಾಲಿಕ. ಕೆಲವು ಸಲ ತಪ್ಪು ಹಾಲಿನದ್ದೇ ಅಲ್ಲ. ಒಗ್ಗದಿದ್ದರೂ ಹಾಲಿನಿಂದ ಆಗುವ ಎಲ್ಲವನ್ನೂ ಬಿಡಬೇಕಾಗಿಲ್ಲ. ಹಾಗಾಗಿ ಬಿಡುವುದಕ್ಕೂ ಒಂದು ಕ್ರಮ ಬೇಕು, ಮತ್ತೆ ಶುರು ಮಾಡುವುದಕ್ಕೂ ಒಂದು ಕ್ರಮ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀಲಿಯಾಕ್ ಇದೆಯೋ ಇಲ್ಲವೋ ಎಂದು ಇನ್ನೂ ಪರೀಕ್ಷೆ ಆಗಿಲ್ಲ, ಸುಮ್ನೆ ಅನುಮಾನ ಮಾತ್ರ ಅಂದರೆ ಗೋಧಿ ಬಿಡಬೇಡಿ. ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ-ಐಜಿಎ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐಜಿಎ (ಐಜಿಎ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ), ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಬಯಾಪ್ಸಿ. ಇವೆಲ್ಲ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.

ಒಳಗೆ ಏನಾಗುತ್ತದೆ

ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ. ಮೈಯೆಲ್ಲಾ ಸಣ್ಣ ಸಣ್ಣ ಎಳೆಗಳು. ಇವಕ್ಕೆ ವಿಲ್ಲೈ ಎನ್ನುತ್ತಾರೆ. ಸೀಲಿಯಾಕ್ ಇದ್ದವರು ಗ್ಲುಟನ್ ತಿಂದಾಗ ಅವರದೇ ರೋಗನಿರೋಧಕ ವ್ಯವಸ್ಥೆ ಈ ಎಳೆಗಳ ಮೇಲೆ ಬಿದ್ದು ಅವನ್ನು ಸವೆಸಿ ಚಪ್ಪಟೆ ಮಾಡುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲೇ. ತುದಿ ಸವೆದರೆ ಮೊದಲು ಹೋಗುವುದು ಅದು. ವಾಸಿಯಾಗುವಾಗ ಕೊನೆಗೆ ವಾಪಸ್ ಬರುವುದೂ ಅದೇ.

ಒಡೆಯದ ಲ್ಯಾಕ್ಟೋಸ್ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಉಬ್ಬರ, ಗುಡುಗುಡು, ಭೇದಿ ಎಲ್ಲಾ ಇದರಿಂದ. ಇದು ಸಂಕಟ ಕೊಡುತ್ತದೆ ನಿಜ, ಆದರೆ ಗ್ಲುಟನ್ ಮಾಡುವ ಹಾಗೆ ಕರುಳನ್ನು ಹಾಳು ಮಾಡುವುದಿಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿ ಇದ್ದರೆ ಅರ್ಧ ಭಯ ಹೋಗುತ್ತದೆ. ಒಂದು ಚಮಚ ಹಾಲು ಜಾಸ್ತಿಯಾದರೆ ಆ ದಿನದ ತೊಂದರೆ ಅಷ್ಟೇ. ಗೋಧಿಯ ವಿಷಯದಲ್ಲಿ ಮಾತ್ರ ಈ ಸಡಿಲಿಕೆ ಇಲ್ಲ.

ಇನ್ನೊಂದು ಬಗೆಯೂ ಇದೆ. ಸೀಲಿಯಾಕ್ ಇಲ್ಲದಿದ್ದರೂ ಲೋಕದ ಬಹುಪಾಲು ಜನಕ್ಕೆ ಬಾಲ್ಯ ಕಳೆದ ಮೇಲೆ ಲ್ಯಾಕ್ಟೇಸ್ ಕಡಿಮೆಯಾಗುತ್ತದೆ. ದಕ್ಷಿಣ ಭಾರತದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೆಯೇ. ಅದು ವಂಶವಾಹಿಯಿಂದ ಬಂದದ್ದು, ವಾಸಿಯಾಗುವಂಥದ್ದಲ್ಲ. ನಿಮ್ಮದು ಯಾವುದು ಎಂದು ಮೊದಲ ವರ್ಷದಲ್ಲಿ ಖಚಿತವಾಗಿ ಹೇಳುವುದು ಕಷ್ಟ.

ಹಾಲಿನ ಪ್ರೋಟೀನಿಗೆ ಅಲರ್ಜಿ ಎನ್ನುವುದು ಬೇರೆಯೇ ವಿಷಯ. ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು, ತುಟಿ ಊತ, ಉಬ್ಬಸ, ವಾಂತಿ ಬಂದರೆ ಕೆಳಗಿನ ಯಾವ ಪ್ರಯೋಗವನ್ನೂ ಮನೆಯಲ್ಲಿ ಮಾಡಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 1: ಹಾಲನ್ನು ಬೈಯುವ ಮೊದಲು ಗ್ಲುಟನ್ ಹುಡುಕಿ

ಗೋಧಿ ಬಿಟ್ಟ ಮೇಲೂ ಹೊಟ್ಟೆ ಸರಿಹೋಗದಿದ್ದರೆ ಅತಿ ಸಾಮಾನ್ಯ ಕಾರಣ ಎಲ್ಲೋ ಒಳನುಸುಳುತ್ತಿರುವ ಗ್ಲುಟನ್. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೋದರೆ ವಿಲ್ಲೈ ಸವೆಯುತ್ತವೆ ಎಂದು ಪ್ರಯೋಗದಲ್ಲಿ ಕಂಡಿದೆ. ಒಂದು ಚಪಾತಿಯಲ್ಲಿ ಸುಮಾರು 3 ಗ್ರಾಂ ಇರುತ್ತದೆ. ಅಂದರೆ ಚಪಾತಿಯನ್ನು ಅರವತ್ತು ಚೂರು ಮಾಡಿ ಅದರಲ್ಲಿ ಒಂದು ಚೂರು ತಿಂದಷ್ಟು. ಈ ಸೋರಿಕೆ ನಿಲ್ಲದೆ ಹಾಲು ಬಿಟ್ಟು ಪ್ರಯೋಜನವಿಲ್ಲ.

ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಇಂಗು ಬಹುತೇಕ ಬೆರಕೆಯದ್ದು. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಗೋಂದಿನ ಜೊತೆ ಗೋಧಿ ಹಿಟ್ಟು ಅಥವಾ ಮೈದಾ ಅಂತ ಇರುತ್ತದೆ. ಒಂದು ಚಿಟಿಕೆಯಲ್ಲಿ ಎಷ್ಟಿದ್ದೀತು ಅನ್ನಬಹುದು. ಆದರೆ ಸಾರು, ಹುಳಿ, ಪಲ್ಯ, ಉಪ್ಪಿನಕಾಯಿ, ಚಟ್ನಿಪುಡಿ ಅಂತ ಮೂರು ಹೊತ್ತೂ ಅದೇ ಒಗ್ಗರಣೆ, ಅಲ್ವಾ? ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ. ಅದಕ್ಕೆ ಬದಲಾಯಿಸಿ.

ಇಲ್ಲಿ ಒಂದು ಮೋಸವಿದೆ. ಹೊರಗೆ ಮಸಾಲೆ ಮಜ್ಜಿಗೆ ಕುಡಿದು ಹೊಟ್ಟೆ ಕೆಟ್ಟರೆ ಎಲ್ಲರೂ ಬೈಯುವುದು ಮಜ್ಜಿಗೆಯನ್ನು. ಒಗ್ಗರಣೆ ಹಾಕಿದ ಮೊಸರನ್ನಕ್ಕೂ ಅದೇ ಗತಿ. ಎರಡರಲ್ಲೂ ಇಂಗು ಇರುವ ಸಾಧ್ಯತೆ ಇದೆ. ಹಾಲಿಗೆ ಹಾರ್ಲಿಕ್ಸ್ ಹಾಕಿ ಕುಡಿದು ‘ಹಾಲು ಆಗಲ್ಲ’ ಅನ್ನುವವರೂ ಇದ್ದಾರೆ. ಹಾರ್ಲಿಕ್ಸಿನಲ್ಲಿ ಬಾರ್ಲಿ ಮತ್ತು ಗೋಧಿ ಎರಡೂ ಇವೆ. ಶಾವಿಗೆ ಪಾಯಸ, ಕೋನ್ ಐಸ್‌ಕ್ರೀಮ್, ಸತ್ಯನಾರಾಯಣ ಪೂಜೆಯ ಸಜ್ಜಿಗೆ, ಇವೆಲ್ಲ ಹಾಲು ಮತ್ತು ಗೋಧಿ ಜೋಡಿಯಾಗಿ ಬರುವ ತಿನಿಸುಗಳು. ಇವನ್ನು ತಿಂದು ಹಾಲಿನ ಬಗ್ಗೆ ತೀರ್ಪು ಕೊಡಬಾರದು.

ಮಿಕ್ಕ ಜಾಗಗಳು: ಹಿಟ್ಟಿನ ಗಿರಣಿ (ನಿಮ್ಮ ರಾಗಿಗಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ), ಚಪಾತಿ ಬೇಯಿಸಿದ ಕಾವಲಿಯಲ್ಲೇ ಹುಯ್ದ ದೋಸೆ, ಸೋಯಾ ಸಾಸ್, ಓಟ್ಸ್. ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಬೆರೆತಿರುವುದು ಸಾಮಾನ್ಯ. ಗ್ಲುಟನ್ ಮುಕ್ತ ಎಂದು ಬರೆದಿರುವ ಪ್ಯಾಕೆಟ್ ಬಿಟ್ಟು ಬೇರೆ ಬೇಡ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಹಾಗೆ ಬರೆಯಬೇಕಾದರೆ ಒಂದು ಕೆಜಿಯಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಬಾರದು.

ಹೊರಗಿನ ತಿಂಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾವುದಾದರೂ ದರ್ಶಿನಿಯ ದೋಸೆ ಕಾವಲಿ ಮುಂದೆ ಐದು ನಿಮಿಷ ನಿಂತು ನೋಡಿ. ಅದೇ ಕಲ್ಲಿನ ಮೇಲೆ ಒಂದು ಸಾಲು ಮಸಾಲೆ ದೋಸೆ, ಪಕ್ಕದಲ್ಲಿ ರವೆ ದೋಸೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಮತ್ತೆ ಹಿಟ್ಟು ಹುಯ್ಯುತ್ತಾರೆ. ರವೆ ದೋಸೆಯಲ್ಲಿ ಚಿರೋಟಿ ರವೆಯೂ ಇರುತ್ತದೆ, ಮೈದಾವೂ ಇರುತ್ತದೆ. ಅಕ್ಕಿ-ಉದ್ದಿನ ದೋಸೆ ಹೆಸರಿಗೆ ಸೇಫ್, ಆ ಕಲ್ಲಿನ ಮೇಲೆ ಅಲ್ಲ. ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ ವಾಸಿ. ತಟ್ಟೆಯಲ್ಲಿ ರವೆ ಇಡ್ಲಿ ಬಂದುಬಿಡದ ಹಾಗೆ ಕೇಳಿಕೊಳ್ಳಿ. ಸಾಂಬಾರಿನ ಇಂಗಿನ ಬಗ್ಗೆ ಗ್ಯಾರಂಟಿ ಇಲ್ಲ, ಹಾಗಾಗಿ ಒಗ್ಗರಣೆ ಇಲ್ಲದ ಕಾಯಿ ಚಟ್ನಿ ಇದ್ದರೆ ಅದೇ ಸಾಕು.

ಸೋರಿಕೆ ಮುಚ್ಚಿದ್ದೀರಾ ಎಂದು ತಿಳಿಯಲು ಟಿಟಿಜಿ ಮತ್ತೆ ಮಾಡಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಾದಾಗ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ. ಸಂಖ್ಯೆ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಇಳಿಯದೆ ನಿಂತಿದ್ದರೆ ಇಲ್ಲೇ ನಿಲ್ಲಿ, ಮುಂದಿನ ಹೆಜ್ಜೆಗೆ ಹೋಗಬೇಡಿ. ಡಯಟೀಷಿಯನ್ ಜೊತೆ ಕೂತು ಅಡುಗೆಮನೆಯ ಒಂದೊಂದು ಡಬ್ಬಿಯನ್ನೂ ನೋಡಿ.

ಹೆಜ್ಜೆ 2: ಎರಡು ವಾರ ಲ್ಯಾಕ್ಟೋಸ್ ನಿಲ್ಲಿಸಿ, ಬರೆದಿಡಿ

ಎರಡು ವಾರ ಸಾಕು. ಹಾಲು, ಹಾಲಿನ ಕಾಫಿ-ಟೀ, ಮೊಸರು, ಮಜ್ಜಿಗೆ, ಪನೀರು, ಚೀಸ್, ಖೋವಾದ ಸಿಹಿ, ಐಸ್‌ಕ್ರೀಮ್, ಹಾಲಿನ ಪುಡಿ ಬಿದ್ದ ತಿನಿಸು ಬಿಡಿ. ತುಪ್ಪ ಬಿಡಬೇಕಾಗಿಲ್ಲ, ಅದರಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಪ್ಯಾಕೆಟ್ ತಿನಿಸಿನಲ್ಲಿ ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಸ್ಕಿಮ್ಡ್ ಮಿಲ್ಕ್ ಪೌಡರ್ ಅಂತ ಕಂಡರೆ ಅದೂ ಬೇಡ. ‘ಗ್ಲುಟನ್ ಫ್ರೀ’ ಬಿಸ್ಕತ್ತು, ಕೇಕುಗಳಲ್ಲಿ ಹಾಲಿನ ಪುಡಿ ಧಾರಾಳವಾಗಿ ಇರುತ್ತದೆ. ಗ್ಲುಟನ್ ಇಲ್ಲ ಅಂದರೆ ಹಾಲಿಲ್ಲ ಅಂತ ಅರ್ಥವಲ್ಲ.

ಮಾತ್ರೆಗಳಲ್ಲೂ ಲ್ಯಾಕ್ಟೋಸ್ ಇರುತ್ತದೆ, ಆದರೆ ಪ್ರಮಾಣ ಅತಿ ಕಡಿಮೆ. ಅದಕ್ಕೋಸ್ಕರ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಒಂದು ನೋಟ್‌ಬುಕ್ಕಿನಲ್ಲಿ ತಿಂದ ಹೊತ್ತು, ತಿಂದದ್ದು, ಹೊಟ್ಟೆ ಕೆಟ್ಟ ಹೊತ್ತು ಬರೆಯಿರಿ. ಲ್ಯಾಕ್ಟೋಸಿನ ತೊಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಹಾಲು ಮುಟ್ಟದ ದಿನಗಳಲ್ಲೂ ಉಬ್ಬರ ಬರುತ್ತಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಕಡಲೆ, ಅವರೆಕಾಳಿನ ಕಡೆ ನೋಡಿ. ಅವರೇಕಾಯಿ ಸೀಸನ್ನಿನಲ್ಲಿ ಈ ಪ್ರಯೋಗ ಶುರು ಮಾಡದಿರುವುದೇ ಒಳ್ಳೆಯದು. ಹಿತಕಿದಬೇಳೆ ಸಾರು ಮುಂದಿಟ್ಟುಕೊಂಡು ಹಾಲಿನ ಪರೀಕ್ಷೆ ಮಾಡಲಾಗುವುದಿಲ್ಲ.

ಕಾಫಿಯದ್ದು ಬೇರೆ ಕಥೆ. ಹಾಲಿನಲ್ಲಿ 100 ಮಿಲಿಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್. ಸಣ್ಣ ಲೋಟದ ಫಿಲ್ಟರ್ ಕಾಫಿಗೆ 80 ಮಿಲಿ ಹಾಲು ಬಿದ್ದರೆ 4 ಗ್ರಾಂ, ಬೈಟೂ ಆದರೆ 2. ಲ್ಯಾಕ್ಟೇಸ್ ಕಡಿಮೆ ಇರುವ ಬಹುತೇಕ ವಯಸ್ಕರಿಗೂ ಒಂದು ಸಲಕ್ಕೆ 12 ಗ್ರಾಂವರೆಗೆ ತಡೆಯುತ್ತದೆ. ಹಾಗಿದ್ದರೆ ಕಾಫಿಗೆ ಹೊಟ್ಟೆ ಯಾಕೆ ಕೆಡಬೇಕು? ಕರುಳು ಇನ್ನೂ ತುಂಬಾ ಸವೆದಿದ್ದರೆ ಅಷ್ಟೂ ತಡೆಯದೆ ಹೋಗಬಹುದು. ಆದರೆ ಕಾಫಿಯೇ ದೊಡ್ಡ ಕರುಳನ್ನು ಚುರುಕು ಮಾಡುತ್ತದೆ, ಅದೂ ಖಾಲಿ ಹೊಟ್ಟೆಯಲ್ಲಿ. ಪುಡಿಗೆ ಬೆರೆಸುವ ಚಿಕೋರಿಯಲ್ಲಿರುವ ಇನುಲಿನ್ ಎಂಬ ನಾರೂ ಗ್ಯಾಸ್ ಮಾಡಬಲ್ಲದು. ಪತ್ತೆ ಹಚ್ಚುವುದು ಸುಲಭ. ಈ ಎರಡು ವಾರದಲ್ಲಿ ಅದೇ ಪುಡಿಯ ಡಿಕಾಕ್ಷನ್ನನ್ನು ಬಿಸಿನೀರು, ಬೆಲ್ಲ ಹಾಕಿ ಕುಡಿಯಿರಿ. ಆಗಲೂ ಓಡಬೇಕಾಗಿ ಬಂದರೆ ಹಾಲು ನಿರಪರಾಧಿ.

ಹೆಜ್ಜೆ 3: ಒಂದೊಂದಾಗಿ ವಾಪಸ್ ತನ್ನಿ

ಎರಡು ವಾರದಲ್ಲಿ ಏನೂ ಬದಲಾಗದಿದ್ದರೆ ಹಾಲಿಗೂ ನಿಮ್ಮ ತೊಂದರೆಗೂ ಸಂಬಂಧವಿಲ್ಲ ಅಂತಲೇ ಇಟ್ಟುಕೊಳ್ಳಿ. ಮಾಮೂಲಿ ಹಾಲು ಶುರು ಮಾಡಿ, ಬೇರೆ ಕಾರಣಕ್ಕೆ ಡಾಕ್ಟರನ್ನು ನೋಡಿ. ಹಗುರವಾಗಿದ್ದರೆ ಈ ಏಣಿ ಹತ್ತಿ. ಒಂದೊಂದು ಮೆಟ್ಟಿಲಿಗೆ ಎರಡು-ಮೂರು ದಿನ.

ಮೊದಲು ಪನೀರು ಅಥವಾ ಗಟ್ಟಿ ಚೀಸ್. ಹಾಲು ಒಡೆದಾಗ ಲ್ಯಾಕ್ಟೋಸ್ ಬಹುಪಾಲು ನೀರಿನ ಜೊತೆ ಹೋಗುತ್ತದೆ. ಆ ನೀರನ್ನು ಸಾರಿಗೆ ಬಳಸುವ ಅಭ್ಯಾಸ ಇದ್ದರೆ ಸದ್ಯಕ್ಕೆ ನಿಲ್ಲಿಸಿ.

ಆಮೇಲೆ ಮಜ್ಜಿಗೆ, ಮೊಸರು. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ತಿಂದುಹಾಕಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವುಗಳಲ್ಲೇ ಲ್ಯಾಕ್ಟೋಸ್ ಒಡೆಯುವ ಕಿಣ್ವ ಇದೆ. ಅದು ಹೊಟ್ಟೆಗೆ ಹೋದ ಮೇಲೂ ಕೆಲಸ ಮಾಡುತ್ತದೆ. ಆದ್ದರಿಂದ ಹಾಲು ಒಗ್ಗದವರಿಗೂ ಮೊಸರು ಒಗ್ಗುತ್ತದೆ. ಕುದಿಸಿದರೆ ಈ ಲಾಭ ಹೋಯಿತು. ಮಜ್ಜಿಗೆ ಹುಳಿಯನ್ನು ತಿಂದು ಮೊಸರಿನ ಪರೀಕ್ಷೆ ಮಾಡಬೇಡಿ. ಮನೆಯಲ್ಲೇ ಹೆಪ್ಪು ಹಾಕಿ, ರಾತ್ರಿಯಿಡೀ ಬಿಡಿ. ಡಿಸೆಂಬರಿನ ಬೆಂಗಳೂರು ಚಳಿಯಲ್ಲಿ ಮೊಸರು ಬೇಗ ಹೆಪ್ಪುಗಟ್ಟುವುದಿಲ್ಲ. ಪಾತ್ರೆಗೆ ಬಟ್ಟೆ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟರೆ ಬೆಳಗ್ಗೆ ಹೊತ್ತಿಗೆ ಆಗಿರುತ್ತದೆ. ಮೊದಲ ದಿನ ಊಟದ ಕೊನೆಗೆ ಅರ್ಧ ಲೋಟ ನೀರು ಮಜ್ಜಿಗೆ, ಉಪ್ಪು ಮಾತ್ರ. ಮಾರನೇ ದಿನ ಅರ್ಧ ಬಟ್ಟಲು ಮೊಸರು, ಅನ್ನದ ಜೊತೆ.

ಇದೂ ಸರಿಹೋದರೆ ತಿಂಡಿ ಆದ ಮೇಲೆ ಸಣ್ಣ ಲೋಟ ಹಾಲಿನ ಕಾಫಿ. ನಂತರ 100 ಮಿಲಿ ಹಾಲು. ಕೊನೆಗೆ 200 ಮಿಲಿ. ಎಲ್ಲಿ ತೊಂದರೆ ಶುರುವಾಯಿತೋ ಅದರ ಹಿಂದಿನ ಮೆಟ್ಟಿಲು ನಿಮ್ಮ ಇವತ್ತಿನ ಮಿತಿ. ಖೋವಾ, ಪೇಡ, ಬಾಸುಂದಿ ಏಣಿಯ ತುದಿಯಲ್ಲಿರಲಿ. ಹಾಲನ್ನು ಬತ್ತಿಸಿದಷ್ಟೂ ಲ್ಯಾಕ್ಟೋಸ್ ಸಾಂದ್ರವಾಗುತ್ತದೆ.

ಯಾವ ಹಾಲು ಅಂತ ಕೇಳುತ್ತಾರೆ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ. 3, ಕಿತ್ತಳೆ ಬಣ್ಣದ ಶುಭಂನಲ್ಲಿ ಶೇ. 4.5. ವ್ಯತ್ಯಾಸ ಕೊಬ್ಬಿನದ್ದು, ಲ್ಯಾಕ್ಟೋಸ್ ಹೆಚ್ಚುಕಡಿಮೆ ಅಷ್ಟೇ. ಎ2 ಹಾಲು, ನಾಟಿ ಹಸುವಿನ ಹಾಲು, ಎಮ್ಮೆ ಹಾಲು, ಮೇಕೆ ಹಾಲು, ಎಲ್ಲದರಲ್ಲೂ ಲ್ಯಾಕ್ಟೋಸ್ ಇದೆ. ಲೀಟರಿಗೆ ನೂರಕ್ಕಿಂತ ಜಾಸ್ತಿ ಕೊಟ್ಟು ಗಾಜಿನ ಬಾಟಲಿಯ ಎ2 ತರಿಸಿದರೆ ಈ ಸಮಸ್ಯೆ ತಪ್ಪುವುದಿಲ್ಲ. ಬೇಕಾದರೆ ಲ್ಯಾಕ್ಟೋಸ್ ಮುಕ್ತ ಹಾಲು ಕೊಳ್ಳಿ. ಅಮುಲ್‌ನದ್ದು ಟೆಟ್ರಾ ಪ್ಯಾಕಿನಲ್ಲಿ ಸಿಗುತ್ತದೆ. ಲ್ಯಾಕ್ಟೋಸನ್ನು ಮೊದಲೇ ಒಡೆದಿರುವುದರಿಂದ ಸ್ವಲ್ಪ ಸಿಹಿ ಜಾಸ್ತಿ. ಕಾಫಿಗೆ ಸಕ್ಕರೆ ಕಡಿಮೆ ಹಾಕಿದರಾಯಿತು.

ಲ್ಯಾಕ್ಟೇಸ್ ಮಾತ್ರೆಯೂ ಇದೆ. ಮೊದಲ ತುತ್ತಿನ ಜೊತೆ ನುಂಗಬೇಕು, ಹೊಟ್ಟೆ ಕೆಟ್ಟ ಮೇಲಲ್ಲ. ಮದುವೆ ಮನೆಗೆ ಹೋಗುವಾಗ ಜೇಬಿನಲ್ಲಿ ಇದ್ದರೆ ಅನುಕೂಲ. ‘ಗ್ಲುಟನ್ ಕರಗಿಸುವ’ ಮಾತ್ರೆ ಅಂತಲೂ ಮಾರುತ್ತಾರೆ. ಅದನ್ನು ನಂಬಿ ಸೀಲಿಯಾಕ್ ಇದ್ದವರು ಒಂದು ಪೂರಿಯನ್ನೂ ತಿನ್ನಬಾರದು.

ಹೆಜ್ಜೆ 4: ಗೊಂದಲ ಉಳಿದರೆ ಉಸಿರಿನ ಪರೀಕ್ಷೆ

ಹೈಡ್ರೋಜನ್ ಬ್ರೆತ್ ಟೆಸ್ಟ್ ಅಂತ ಕೇಳಿ. ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೋ ವಿಭಾಗದಲ್ಲಿ ಸಿಗಬಹುದು. ಫೋನ್ ಮಾಡಿ ಖಚಿತ ಮಾಡಿಕೊಂಡು ಹೋಗಿ. ಹಿಂದಿನ ರಾತ್ರಿ ಬಿಳಿ ಅನ್ನದಂಥ ಸಪ್ಪೆ ಊಟ, ಆಮೇಲೆ ಉಪವಾಸ. ಬೆಳಗ್ಗೆ 25 ಅಥವಾ 50 ಗ್ರಾಂ ಲ್ಯಾಕ್ಟೋಸ್ ನೀರಿನಲ್ಲಿ ಕಲಸಿ ಕೊಡುತ್ತಾರೆ. ಸುಮಾರು ಮೂರು ಗಂಟೆ, ಆಗಾಗ ಉಪಕರಣಕ್ಕೆ ಊದಬೇಕು. ಹೈಡ್ರೋಜನ್ ಮೊದಲಿದ್ದುದಕ್ಕಿಂತ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಏರಿದರೆ ಪಾಸಿಟಿವ್, ಅಂದರೆ ಲ್ಯಾಕ್ಟೋಸ್ ಸರಿಯಾಗಿ ಒಡೆಯುತ್ತಿಲ್ಲ. ಹಿಂದಿನ ನಾಲ್ಕು ವಾರದಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಬೆಳೆದಿದ್ದರೂ ಇದು ಪಾಸಿಟಿವ್ ಬರಬಹುದು. ಸೀಲಿಯಾಕ್ ಇದ್ದವರಲ್ಲಿ ಅದೂ ಅಪರೂಪವಲ್ಲ, ಹಾಗಾಗಿ ರಿಪೋರ್ಟನ್ನು ಡಾಕ್ಟರೇ ಓದಲಿ.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮನೆಯ ಪ್ರಯೋಗ ನಿಲ್ಲಿಸಿ ತಕ್ಷಣ ತೋರಿಸಿ.

ಹೆಜ್ಜೆ 5: ಕ್ಯಾಲ್ಸಿಯಂ ಲೆಕ್ಕ

ಇದನ್ನೇ ಜನ ಮರೆಯುವುದು. ಸೀಲಿಯಾಕ್‌ನಿಂದ ಮೂಳೆ ಮೊದಲೇ ಸವೆದಿರಬಹುದು. ಅದರ ಮೇಲೆ ಹಾಲೂ ಬಿಟ್ಟರೆ ಇನ್ನೂ ಕಷ್ಟ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ಒಂದು ಲೋಟ ಹಾಲಿನಲ್ಲಿ ಸುಮಾರು 240.

ನಮ್ಮ ಪುಣ್ಯಕ್ಕೆ ರಾಗಿ ಇದೆ. ಗ್ಲುಟನ್ ಇಲ್ಲ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಎಲ್ಲವೂ ಮೈಗೆ ಹತ್ತುವುದಿಲ್ಲ, ಫೈಟೇಟ್ ಅಡ್ಡ ಬರುತ್ತದೆ. ಮೊಳಕೆ ಕಟ್ಟಿ ಹುರಿದು ಬೀಸಿದ ಹುರಿಹಿಟ್ಟಿನಲ್ಲಿ ಆ ಅಡ್ಡಿ ಕಡಿಮೆ. ರಾಗಿಯನ್ನು ಆರಿಸಿ, ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯಿರಿ. ಗಿರಣಿಯ ಗೋಧಿಯ ತಲೆನೋವು ತಪ್ಪಿತು. ಅಂಬಲಿಗೆ ಮಜ್ಜಿಗೆ ಬೆರೆಸಿದರೆ ಏಣಿಯ ಎರಡನೇ ಮೆಟ್ಟಿಲೂ ಆದ ಹಾಗೆ. ಎಳ್ಳು ಚಟ್ನಿಪುಡಿ, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳು ಸೇರಿಸಿ. ಪಾಲಕ್ ನೆಚ್ಚಿಕೊಳ್ಳಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ.

ಗಿಡದ ಹಾಲುಗಳಲ್ಲಿ ಸೋಯಾ ವಾಸಿ, ಪ್ರೋಟೀನ್ ಇದೆ. ಕ್ಯಾಲ್ಸಿಯಂ ಸೇರಿಸಿದ್ದಾರಾ, ಬಾರ್ಲಿಯ ಮಾಲ್ಟ್ ಹಾಕಿಲ್ಲವಾ ನೋಡಿ. ಬಾದಾಮಿ ಹಾಲಿನಲ್ಲಿ ಬಹುತೇಕ ನೀರೇ. ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲಿ ‘ಹಾಲು ಆಗಲ್ಲ’ ಅಂದರೆ ಓಟ್ ಮಿಲ್ಕ್ ಬೇಕಾ ಅನ್ನುತ್ತಾರೆ. ಗ್ಲುಟನ್ ಮುಕ್ತ ಎಂದು ಬರೆಯದ ಓಟ್ ಮಿಲ್ಕ್ ನಮಗೆ ಹಸುವಿನ ಹಾಲಿಗಿಂತ ಕೆಟ್ಟದ್ದು.

ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಇಡಬೇಕು. ಕಬ್ಬಿಣದ ಮಾತ್ರೆಯನ್ನೂ ಅದರ ಜೊತೆಗೆ ನುಂಗಬೇಡಿ. ಮಕ್ಕಳಿಗೆ ಮಾತ್ರ ಈ ಯಾವುದನ್ನೂ ನೀವೇ ತೀರ್ಮಾನಿಸಬೇಡಿ. ಬೆಳೆಯುವ ಮಗುವಿಗೆ ಹಾಲು ನಿಲ್ಲಿಸುವ ಮಾತು ಮಕ್ಕಳ ಡಾಕ್ಟರಿಂದ ಬರಬೇಕು.

ನೆಂಟರ ಮನೆಯಲ್ಲಿ

‘ಪ್ರಸಾದ ಬೇಡ ಅನ್ನಬಾರದು ಕಣೇ, ಒಂದು ಚೂರು ತಗೋ’ ಎಂದು ದೊಡ್ಡಮ್ಮ ಸಜ್ಜಿಗೆ ಮುಂದಿಟ್ಟಾಗ ಲ್ಯಾಕ್ಟೋಸ್ ಪಾಠ ಹೇಳಲಾಗುವುದಿಲ್ಲ. ‘ದೊಡ್ಡಮ್ಮ, ರವೆ ನಂಗೆ ಆಗಲ್ಲ, ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳಿದಾರೆ. ಪಂಚಾಮೃತ ಕೊಡಿ’ ಎಂದರೆ ಮುಗಿಯಿತು. ಒಂದು ಉದ್ಧರಣೆ ಪಂಚಾಮೃತದಲ್ಲಿ ಇರುವ ಲ್ಯಾಕ್ಟೋಸ್ ಲೆಕ್ಕಕ್ಕಿಲ್ಲ. ಹಾಲು, ಗೋಧಿ ಎರಡನ್ನೂ ಒಂದೇ ಉಸಿರಿನಲ್ಲಿ ‘ಆಗಲ್ಲ’ ಅನ್ನಬೇಡಿ. ಹಾಲಿಗೆ ಒಂದು ದಿನ ಸಡಿಲ ಬಿಟ್ಟದ್ದನ್ನು ನೋಡಿದವರು ಗೋಧಿಗೂ ಹಾಗೇ ಅಂದುಕೊಳ್ಳುತ್ತಾರೆ.

ಹೆಜ್ಜೆ 6: ಆರು ತಿಂಗಳಿಗೆ ಮತ್ತೆ ಏಣಿ

ಟಿಟಿಜಿ ಇಳಿದಿದ್ದರೆ ಆರು ತಿಂಗಳಿಗೊಮ್ಮೆ ಹೆಜ್ಜೆ 3 ಮತ್ತೆ ಮಾಡಿ. ಮಕ್ಕಳ ಕರುಳು ಬೇಗ ವಾಸಿಯಾಗುತ್ತದೆ. ದೊಡ್ಡವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯಬಹುದು. ಹೋದ ಸಲ 100 ಮಿಲಿಗೆ ನಿಂತವರು ಈ ಸಲ ಪೂರ್ತಿ ಲೋಟ ಮುಟ್ಟಬಹುದು. ಟಿಟಿಜಿ ನಾರ್ಮಲ್ ಆಗಿ, ಬಯಾಪ್ಸಿಯಲ್ಲೂ ಕರುಳು ಸರಿಹೋಗಿದೆ ಎಂದು ಬಂದು, ಆದರೂ 200 ಮಿಲಿ ಹಾಲು ತಡೆಯುತ್ತಿಲ್ಲ ಅಂದರೆ ನಿಮ್ಮದು ಬಹುಶಃ ವಂಶವಾಹಿಯಿಂದ ಬಂದ, ಬಾಲ್ಯ ಕಳೆದ ಮೇಲೆ ಶುರುವಾಗುವ ಲ್ಯಾಕ್ಟೇಸ್ ಕೊರತೆ. ಅದಕ್ಕೆ ಇನ್ನಷ್ಟು ಪರೀಕ್ಷೆ, ಔಷಧಿ ಬೇಡ. ಕಾಫಿಗೆ ಬೇಕಾಗುವಷ್ಟು ಹಾಲು, ಊಟಕ್ಕೆ ಮಜ್ಜಿಗೆ, ಅನ್ನಕ್ಕೆ ತುಪ್ಪ ನಡೆಯುತ್ತದೆ.